ಯಂತ್ರದ ಓದು: ಒಂದು ಪ್ರಮಾಣವಿಚಾರ

೧

ಗಣಕಯಂತ್ರವು ಅಂತರಜಾಲದ ಬರೆಹಗಳನ್ನು ತಾನೇ ಓದಿ, ಅವುಗಳಿಂದ ಲೋಕಜ್ಞಾನವನ್ನು ಸಂಪಾದಿಸಿಕೊಳ್ಳಬಲ್ಲುದೆ? ಈ ಪ್ರಶ್ನೆಯನ್ನು ಗಣಕವಿಜ್ಞಾನಿಗಳು ಕಳೆದ ಮೂರು ದಶಕಗಳಿಂದ ಕೈಗೆತ್ತಿಕೊಂಡಿದ್ದಾರೆ. ಯಂತ್ರವ್ಯವಸ್ಥೆಗಳನ್ನು ಕಟ್ಟಿ ತಮ್ಮ ಉತ್ತರವನ್ನೂ ಕೊಡುತ್ತ ಬಂದಿದ್ದಾರೆ. ಭಾಷೆ ಸಾಹಿತ್ಯಗಳ ಅಧ್ಯಾಪಕರಾದ ನಾವು ಇದನ್ನು ನಮಗೆ ಸಂಬಂಧಿಸದ ವಿಷಯವೆಂದು ಬಹುಮಟ್ಟಿಗೆ ದೂರವಿಟ್ಟಿದ್ದೇವೆ. ಹಾಗೆ ದೂರವಿಡುವುದು ಇನ್ನು ಸಾಧ್ಯವಿಲ್ಲ. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಪ್ರಬಂಧ ಬರೆಯುವ ಮುನ್ನ ಗ್ರಂಥಾಲಯದ ಮೆಟ್ಟಿಲು ಹತ್ತುವುದಕ್ಕೆ ಮೊದಲೇ ಇಂಥ ಯಂತ್ರಗಳನ್ನು ಕೇಳುತ್ತಾರೆ. ಯಂತ್ರ ಹೇಳಿದ್ದು ಸರಿಯೋ ತಪ್ಪೋ ಎಂದು ತೀರ್ಮಾನಿಸುವ ಹೊಣೆ ಕೊನೆಗೆ ಬಂದು ನಿಲ್ಲುವುದು ಅಧ್ಯಾಪಕನ ಮೇಜಿನ ಮುಂದೆಯೇ.

ಇದಲ್ಲದೆ ಇನ್ನೊಂದು ಕಾರಣವೂ ಉಂಟು. ಬರೆದಿಟ್ಟುದನ್ನೆಲ್ಲ ನಂಬಬಹುದೆ, ಯಾವುದನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬುದು ನಮ್ಮ ಶಾಸ್ತ್ರಗಳ ಹಳೆಯ ಸಮಸ್ಯೆ. ನೈಯಾಯಿಕರು ಅದನ್ನು ಶಬ್ದಪ್ರಮಾಣದ ಪ್ರಕರಣದಲ್ಲಿ ಚರ್ಚಿಸಿದರು. ಗ್ರಂಥಸಂಪಾದಕರು ಪಾಠನಿರ್ಣಯದಲ್ಲಿ ಅದನ್ನು ದಿನನಿತ್ಯ ಎದುರಿಸುತ್ತಾರೆ. ಆದುದರಿಂದ ಯಂತ್ರದ ಓದನ್ನು ಒರೆಗೆ ಹಚ್ಚತಕ್ಕ ಕಲ್ಲು ನಮ್ಮ ಕೈಯಲ್ಲಿಯೇ ಇದೆ. ಪ್ರಕೃತ ಲೇಖನದಲ್ಲಿ ಒಂದು ಪ್ರಸಿದ್ಧವಾದ ಓದುವ ಯಂತ್ರವನ್ನು ತೆಗೆದುಕೊಂಡು, ಅದರ ಓದಿನ ಗುಣದೋಷಗಳನ್ನು ಆ ಕಲ್ಲಿನ ಮೇಲೆ ಪರೀಕ್ಷಿಸಲು ಯತ್ನಿಸುತ್ತೇವೆ.

೨

ಮೊದಲು ಇದರ ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳುವುದು ಅವಶ್ಯ. ಯಂತ್ರಕ್ಕೆ ಲೋಕಜ್ಞಾನವನ್ನು ಮನುಷ್ಯರೇ ಕೈಯಾರೆ ಬರೆದು ಕೊಡಬೇಕೆಂಬುದು ಒಂದು ಪಕ್ಷ. ಡಗ್ಲಸ್ ಲೆನಾಟ್ ಎಂಬ ವಿದ್ವಾಂಸರು ೧೯೮೪ರಲ್ಲಿ ಅಮೆರಿಕದ ಟೆಕ್ಸಸ್ ಪ್ರಾಂತದಲ್ಲಿ 'ಸೈಕ್' ಎಂಬ ಯೋಜನೆಯನ್ನು ಈ ಪಕ್ಷವನ್ನು ಹಿಡಿದೇ ಆರಂಭಿಸಿದರು. ಸತ್ತವನು ಮರುದಿನ ಅಂಗಡಿಗೆ ಹೋಗುವುದಿಲ್ಲ, ಬೋರಲು ಹಾಕಿದ ಲೋಟದಲ್ಲಿ ನೀರು ನಿಲ್ಲುವುದಿಲ್ಲ ಎಂಬಂಥ, ಮಕ್ಕಳಿಗೂ ತಿಳಿದ ಸಂಗತಿಗಳನ್ನು ತರ್ಕದ ಭಾಷೆಯಲ್ಲಿ ಒಂದೊಂದಾಗಿ ಬರೆದಿಡುವ ಕೆಲಸವದು. ಎಷ್ಟು ಬರೆದರೂ ಬರೆಯದೆ ಉಳಿದದ್ದೇ ಹೆಚ್ಚು ಎಂಬುದು ಅದರ ತೊಡಕು.

ಯಂತ್ರವೇ ಓದಿ ಕಲಿಯಲಿ ಎಂಬುದು ಎರಡನೆಯ ಪಕ್ಷ. ಇದಕ್ಕೆ ದಾರಿ ತೋರಿದ ಬರೆಹಗಳಲ್ಲಿ ಮಾರ್ಟಿ ಹರ್ಸ್ಟ್ ಎಂಬ ವಿದುಷಿ ೧೯೯೨ರಲ್ಲಿ ಮಂಡಿಸಿದ ಪ್ರಬಂಧವು ಮುಖ್ಯವಾದುದು. ಅದರ ತತ್ತ್ವ ಬಹು ಸರಳ. 'ಮಾವು, ಹಲಸು, ಬಿಕ್ಕೆ ಮೊದಲಾದ ಹಣ್ಣುಗಳು' ಎಂಬ ವಾಕ್ಯಭಾಗವನ್ನು ನಗರದಲ್ಲಿಯೇ ಬೆಳೆದ ವಿದ್ಯಾರ್ಥಿಯೊಬ್ಬನು ಓದುತ್ತಾನೆ ಎನ್ನೋಣ. ಬಿಕ್ಕೆಯನ್ನು ಅವನು ಕಂಡವನಲ್ಲ, ತಿಂದವನಲ್ಲ. ಆದರೂ ಅದು ಒಂದು ಹಣ್ಣೆಂಬುದು ಅವನಿಗೆ ಆ ಕ್ಷಣದಲ್ಲಿ ತಿಳಿದುಹೋಗುತ್ತದೆ. ತಿಳಿಸಿದ್ದು ಬಿಕ್ಕೆಯ ಅನುಭವವಲ್ಲ, 'ಮೊದಲಾದ' ಎಂಬ ಪದವಿರುವ ವಾಕ್ಯದ ಅಚ್ಚು. ಇಂಥ ಅಚ್ಚುಗಳನ್ನು ಯಂತ್ರಕ್ಕೆ ಕೊಟ್ಟರೆ ಯಾವ ವಸ್ತು ಯಾವ ಜಾತಿಗೆ ಸೇರಿದ್ದೆಂಬುದನ್ನು ಅದು ಅರ್ಥದ ಗೊಡವೆಯಿಲ್ಲದೆ ಕೂಡಿಹಾಕಬಹುದು. ೧೯೯೮ರಲ್ಲಿ ಸರ್ಗೆ ಬ್ರಿನ್ ಇನ್ನೊಂದು ಹೆಜ್ಜೆ ಮುಂದಿಟ್ಟರು. ಕೇವಲ ಐದು ಗ್ರಂಥಗಳ ಹೆಸರನ್ನೂ ಅವುಗಳ ಕರ್ತೃಗಳ ಹೆಸರನ್ನೂ ಕೊಟ್ಟು, ಅವು ಜೊತೆಯಾಗಿ ಬರುವ ಅಚ್ಚುಗಳನ್ನು ಯಂತ್ರವೇ ಹುಡುಕುವಂತೆ, ಹುಡುಕಿದ ಅಚ್ಚಿನಿಂದ ಹೊಸ ಗ್ರಂಥಗಳನ್ನು ತೆಗೆಯುವಂತೆ, ಹೊಸ ಗ್ರಂಥಗಳಿಂದ ಮತ್ತೆ ಹೊಸ ಅಚ್ಚುಗಳನ್ನು ಪಡೆಯುವಂತೆ ಮಾಡಿದರು. ಬೀಜದಿಂದ ವೃಕ್ಷ, ವೃಕ್ಷದಿಂದ ಬೀಜ ಎಂಬಂತೆ ಇದು ಸಾಗುತ್ತದೆ.

ಈ ಎರಡೂ ಉಪಾಯಗಳನ್ನು ಹೆಚ್ಚು ವಿಸ್ತಾರವಾಗಿ ಬೆಳೆಸಿದ ಯಂತ್ರವೇ ನಮ್ಮ ವಿಮರ್ಶೆಯ ವಸ್ತು.

೩

೨೦೧೦ರ ಜನವರಿಯಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ನಗರದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಟಾಮ್ ಮಿಚೆಲ್ ಅವರೂ ಅವರ ಸಂಗಡಿಗರೂ ಒಂದು ಯಂತ್ರವ್ಯವಸ್ಥೆಯನ್ನು ಓದಲು ಹಚ್ಚಿದರು. ಅದರ ಹೆಸರು 'ನೆಲ್'. ಕಲಿಕೆಯನ್ನು ಎಂದೂ ಮುಗಿಸದ ಭಾಷಾವಿದ್ಯಾರ್ಥಿ ಎಂಬರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ಆ ಹೆಸರು ಬಂದಿದೆ. ಹಗಲು ಇರುಳೆನ್ನದೆ ಓದುವುದು, ನಿನ್ನೆಗಿಂತ ಇಂದು ಹೆಚ್ಚು ಚೆನ್ನಾಗಿ ಓದುವುದು, ಇವೆರಡು ಅದಕ್ಕೆ ವಿಧಿಸಿದ ಕೆಲಸಗಳು.

ಅದೇ ವರ್ಷ ಪ್ರಕಟವಾದ ಅವರ ವರದಿಯಿಂದ ಈ ವಿವರಗಳು ತಿಳಿದುಬರುತ್ತವೆ. ಯಂತ್ರಕ್ಕೆ ಮೊದಲು ೧೨೩ ವರ್ಗಗಳನ್ನು ಕೊಡಲಾಯಿತು: ನಗರ, ಆಟಗಾರ, ಕಂಪೆನಿ ಇತ್ಯಾದಿ. ೫೫ ಸಂಬಂಧಗಳನ್ನು ಕೊಡಲಾಯಿತು: ಇಂಥ ಆಟಗಾರ ಇಂಥ ತಂಡದವನು ಎಂಬಂಥವು. ಒಂದೊಂದಕ್ಕೂ ಹತ್ತು ಹದಿನೈದು ಉದಾಹರಣೆಗಳನ್ನು ಬೀಜರೂಪವಾಗಿ ಒದಗಿಸಲಾಯಿತು. ಓದಲು ಸುಮಾರು ೫೦ ಕೋಟಿ ಇಂಗ್ಲಿಷ್ ಜಾಲಪುಟಗಳ ಸಂಗ್ರಹವಿತ್ತು.

ನೆಲ್ ಒಬ್ಬನೇ ಓದುಗನಲ್ಲ. ಅದರೊಳಗೆ ನಾಲ್ವರು ಓದುಗರಿದ್ದರು ಎನ್ನಬಹುದು. ಮೊದಲನೆಯವನು ವಾಕ್ಯದ ಅಚ್ಚುಗಳನ್ನು ನೋಡಿ ಕಲಿಯುವವನು. ಎರಡನೆಯವನು ಜಾಲಪುಟಗಳಲ್ಲಿಯ ಪಟ್ಟಿ ಕೋಷ್ಟಕಗಳನ್ನು ಓದುವವನು. ಮೂರನೆಯವನು ಪದದ ಆಕಾರವನ್ನು, ಎಂದರೆ ಅದರ ಆದ್ಯಂತಗಳ ಅಕ್ಷರಗಳನ್ನು ನೋಡಿ ಜಾತಿಯನ್ನು ಊಹಿಸುವವನು. ನಾಲ್ಕನೆಯವನು ಈಗಾಗಲೇ ನಂಬಿದ ಸಂಗತಿಗಳಿಂದ ಹೊಸ ಸಂಗತಿಗಳನ್ನು ಅನುಮಾನಿಸುವವನು. ಇವರು ತಂದೊಪ್ಪಿಸಿದ ಸಂಗತಿಗಳು ಮೊದಲು ಉಮೇದುವಾರರ ಸಾಲಿನಲ್ಲಿ ನಿಲ್ಲುತ್ತವೆ. ಒಬ್ಬನೇ ಓದುಗನು ಶೇಕಡ ೯೦ಕ್ಕಿಂತ ಹೆಚ್ಚಿನ ಭರವಸೆಯಿಂದ ಹೇಳಿದರೆ, ಅಥವಾ ಭರವಸೆ ಕಡಿಮೆಯಿದ್ದರೂ ಹಲವರು ಒಮ್ಮತದಿಂದ ಹೇಳಿದರೆ, ಉಮೇದುವಾರನಿಗೆ 'ನಂಬಿಕೆ' ಎಂಬ ಪದವಿ ದೊರೆಯುತ್ತದೆ. ಆ ಪದವಿ ದೊರೆತ ಸಂಗತಿಯನ್ನು ಅಂದಿನ ವ್ಯವಸ್ಥೆಯಲ್ಲಿ ಯಂತ್ರವು ತಾನಾಗಿ ಮತ್ತೆ ಕೆಳಗಿಳಿಸುತ್ತಿರಲಿಲ್ಲ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಯಂತ್ರಕ್ಕೆ ಕೆಲವು ಕಟ್ಟುಪಾಡುಗಳನ್ನೂ ವಿಧಿಸಲಾಗಿತ್ತು. ಮನುಷ್ಯನಾದದ್ದು ನಗರವಾಗಲಾರದು, ತಂಡಕ್ಕೆ ಸೇರುವ ಆಟಗಾರ ಮನುಷ್ಯನೇ ಆಗಿರಬೇಕು. ನೂರಾರು ವರ್ಗಗಳನ್ನು ಒಟ್ಟಿಗೇ ಕಲಿಸಿ, ಒಂದರ ತಪ್ಪನ್ನು ಮತ್ತೊಂದು ತಡೆಯುವಂತೆ ಮಾಡಿದ್ದು ಈ ವಿದ್ವಾಂಸರ ಜಾಣ್ಮೆ. ಒಂದೇ ವಿಷಯವನ್ನು ಕಲಿಯುವುದಕ್ಕಿಂತ ಪರಸ್ಪರ ಹೆಣೆದುಕೊಂಡ ಹಲವು ವಿಷಯಗಳನ್ನು ಕಲಿಯುವುದು ಸುಲಭ ಎಂಬ ಅವರ ಸಿದ್ಧಾಂತವು ಪಾಠಹೇಳುವ ನಮಗೂ ಒಪ್ಪಿಗೆಯಾಗತಕ್ಕದ್ದೇ.

೪

ಇದರ ಫಲವೇನಾಯಿತು? ಮೊದಲ ೬೭ ದಿನಗಳ ಓದಿನಲ್ಲಿ ಯಂತ್ರವು ೨,೪೨,೦೦೦ಕ್ಕೂ ಮಿಕ್ಕು ನಂಬಿಕೆಗಳನ್ನು ಸಂಪಾದಿಸಿತು. ಅವುಗಳಲ್ಲಿ ಸರಿಯಾದವು ಶೇಕಡ ೭೪ ಎಂದು ಅದನ್ನು ಕಟ್ಟಿದವರೇ ಅಂದಾಜು ಮಾಡಿದರು. ಮನುಷ್ಯನ ಹೆಚ್ಚಿನ ನೆರವಿಲ್ಲದೆ ಇಷ್ಟನ್ನು ಕೂಡಿಸಿದ್ದು ಸಣ್ಣ ಕೆಲಸವಲ್ಲ. ಆದರೆ ಅದೇ ವರದಿಯಲ್ಲಿ ಇನ್ನೊಂದು ಲೆಕ್ಕವೂ ಇದೆ. ವಿಮರ್ಶಕನ ಕಣ್ಣು ನಿಲ್ಲಬೇಕಾದದ್ದು ಅಲ್ಲಿ. ಓದಿನ ಅವಧಿಯನ್ನು ಮೂರು ಪಾಲು ಮಾಡಿ ನೋಡಿದಾಗ, ಮೊದಲ ಪಾಲಿನಲ್ಲಿ ಸಂಪಾದಿಸಿದ ನಂಬಿಕೆಗಳಲ್ಲಿ ಶೇಕಡ ೯೦ ಸರಿಯಾಗಿದ್ದವು, ಎರಡನೆಯ ಪಾಲಿನಲ್ಲಿ ೭೧, ಮೂರನೆಯದರಲ್ಲಿ ೫೭. ಓದು ಹೆಚ್ಚಿದಂತೆ ತಿಳಿವಳಿಕೆಯ ಸಾಚಾತನ ಇಳಿಯುತ್ತ ಹೋಯಿತು.

ಇಳಿದದ್ದು ಹೇಗೆಂಬುದಕ್ಕೆ ಮಿಚೆಲ್ ಅವರೇ ೨೦೧೦ರಲ್ಲಿ ಪತ್ರಿಕೆಯವರಿಗೆ ಹೇಳಿದ ಒಂದು ಪ್ರಸಂಗವುಂಟು. ಅಮೆರಿಕದ ಇಂಗ್ಲಿಷಿನಲ್ಲಿ 'ಕುಕಿ' ಎಂದರೆ ಬಿಸ್ಕತ್ತು. ಜಾಲಪುಟವನ್ನು ತೆರೆದವನ ಗುರುತಿಗಾಗಿ ಅವನ ಗಣಕಯಂತ್ರದಲ್ಲಿ ಬಿಟ್ಟುಹೋಗುವ ಪುಟ್ಟ ದಾಖಲೆಗೂ ಕುಕಿ ಎಂದೇ ಹೆಸರು. ಬೇಕರಿಯ ತಿಂಡಿಗಳ ವರ್ಗವನ್ನು ನೆಲ್ ಮೊದಮೊದಲು ಚೆನ್ನಾಗಿಯೇ ಕಲಿಯಿತು. ಅನಂತರ ಅಂತರಜಾಲದ ಕುಕಿಯೂ ಬೇಕರಿಯ ತಿಂಡಿಯೇ ಎಂದು ನಂಬಿತು. ಜನ ತಮ್ಮ ಯಂತ್ರದಿಂದ ಕುಕಿಗಳನ್ನು ಅಳಿಸಿಹಾಕಿದೆವೆಂದು ಬರೆಯುವುದುಂಟು. ಅದೇ ಅಚ್ಚಿನ ವಾಕ್ಯದಲ್ಲಿ ಕಡತಗಳನ್ನು ಅಳಿಸಿಹಾಕಿದೆವೆಂದೂ ಬರೆಯುತ್ತಾರೆ. ಯಂತ್ರವು ಕಡತಗಳೂ ಬೇಕರಿಯ ತಿಂಡಿಗಳೆಂದು ತೀರ್ಮಾನಿಸಿತು. ಒಂದು ತಪ್ಪಿನ ಹಿಂದೆ ತಪ್ಪುಗಳ ಸಾಲೇ ಉರುಳಿಬಂತು.

ನಗುವಂಥ ಪ್ರಸಂಗವೇ ಹೌದು. ಆದರೆ ಇಲ್ಲಿ ನಡೆದುದನ್ನು ಬಿಡಿಸಿ ನೋಡಿದರೆ, ತರ್ಕದ ಒಂದೊಂದು ಹೆಜ್ಜೆಯೂ ಯಂತ್ರದ ನಿಯಮಕ್ಕೆ ಅನುಗುಣವಾಗಿಯೇ ಇದೆ. ನಂಬಿದ್ದು ಅಚ್ಚನ್ನು ಕೊಟ್ಟಿತು, ಅಚ್ಚು ಹೊಸ ನಂಬಿಕೆಯನ್ನು ಕೊಟ್ಟಿತು. ಬೀಜ ಕೆಟ್ಟಿದ್ದರೆ ವೃಕ್ಷವೂ ಆ ವೃಕ್ಷದ ಬೀಜಗಳೂ ಕೆಡುತ್ತವೆ. ಕಲಿಯುವ ಶಕ್ತಿ ಹೆಚ್ಚಿದ್ದಷ್ಟೂ ಕೇಡು ಬೇಗ ಹರಡುತ್ತದೆ. ಮೊದಲ ಆರು ತಿಂಗಳು ಯಂತ್ರವನ್ನು ಅದರ ಪಾಡಿಗೆ ಓದಲು ಬಿಟ್ಟಿದ್ದರು. ಅಷ್ಟರಲ್ಲಿ ಮುಕ್ಕಾಲು ಪಾಲು ವರ್ಗಸಂಬಂಧಗಳಲ್ಲಿ ಅದರ ಓದು ಬಹಳ ಉತ್ತಮಗೊಂಡಿತ್ತು. ಉಳಿದ ಕಾಲು ಪಾಲಿನಲ್ಲಿ ಹದಗೆಟ್ಟಿತ್ತು. ೨೦೧೦ರ ಜೂನ್ ತಿಂಗಳಿಂದ ಕೆಲವು ವಾರಗಳಿಗೊಮ್ಮೆ ಮನುಷ್ಯರು ಕುಳಿತು, ಒಂದೊಂದು ವರ್ಗವನ್ನೂ ಸುಮಾರು ಐದು ನಿಮಿಷ ಕಣ್ಣಾಡಿಸಿ ಎದ್ದುಕಾಣುವ ತಪ್ಪುಗಳನ್ನು ತಿದ್ದತೊಡಗಿದರು. ಏಕಲವ್ಯನಂತೆ ಗುರುವಿಲ್ಲದೆ ಕಲಿಯಲು ಹೊರಟ ಈ ವಿದ್ಯಾರ್ಥಿಗೂ ಅಂತೂ ಐದು ನಿಮಿಷದ ಗುರು ಬೇಕಾಯಿತು.

೫

ಈಗ ನಮ್ಮ ಶಾಸ್ತ್ರದ ದೃಷ್ಟಿಯಿಂದ ಇದನ್ನು ನೋಡೋಣ. ವಾಕ್ಯದಿಂದ ಅರ್ಥಜ್ಞಾನವಾಗಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಇರಬೇಕೆಂದು ನಮ್ಮ ಹಿಂದಿನವರು ಹೇಳಿದ್ದಾರೆ. ಒಂದು ಪದ ಇನ್ನೊಂದನ್ನು ಬೇಡುವುದು ಆಕಾಂಕ್ಷೆ. ಪದಗಳು ಹತ್ತಿರ ಹತ್ತಿರ ಇರುವುದು ಸನ್ನಿಧಿ. ಅರ್ಥಗಳು ಒಂದಕ್ಕೊಂದು ಹೊಂದತಕ್ಕವಾಗಿರುವುದು ಯೋಗ್ಯತೆ. ಬೆಂಕಿಯಿಂದ ಗಿಡಕ್ಕೆ ನೀರೆರೆದನು ಎಂಬಲ್ಲಿ ಅದು ಇಲ್ಲ. ನೆಲ್ ಯಂತ್ರದಲ್ಲಿ ಈ ಮೂರರ ನೆರಳನ್ನು ನಾವು ಕಾಣಬಹುದು. ಆಟಗಾರನಿಗೆ ತಂಡ ಬೇಕೆಂಬ ಸಂಬಂಧದ ಚೌಕಟ್ಟು ಆಕಾಂಕ್ಷೆಯ ಕೆಲಸವನ್ನು ಮಾಡುತ್ತದೆ. ವಾಕ್ಯದ ಅಚ್ಚು ಸನ್ನಿಧಿಯನ್ನು ಅವಲಂಬಿಸಿದೆ. ಮನುಷ್ಯನು ನಗರವಾಗಲಾರನು ಎಂಬ ಕಟ್ಟುಪಾಡು ಯೋಗ್ಯತೆಯ ಪರೀಕ್ಷೆಯೇ. ಕುಕಿಯ ಪ್ರಸಂಗದಲ್ಲಿ ಸೋತದ್ದು ಈ ಪರೀಕ್ಷೆ. ಅಳಿಸಿಹಾಕತಕ್ಕದ್ದು ತಿನ್ನತಕ್ಕದ್ದಾಗಲಾರದು ಎಂಬುದು ಯಂತ್ರಕ್ಕೆ ಗೊತ್ತಿರಲಿಲ್ಲ.

ಈ ಮೂರರ ಜೊತೆಗೆ ಅನೇಕ ಶಾಸ್ತ್ರಕಾರರು ತಾತ್ಪರ್ಯಜ್ಞಾನವನ್ನೂ ಸೇರಿಸುತ್ತಾರೆ. ಹೇಳಿದವನ ಮನಸ್ಸಿನಲ್ಲಿ ಏನಿತ್ತೆಂಬುದನ್ನು ತಿಳಿಯದೆ ಅರ್ಥ ಪೂರ್ತಿಯಾಗುವುದಿಲ್ಲ. 'ಕೆರೆ, ಬಾವಿ, ದೇವಾಲಯ ಮೊದಲಾದ ಪುಣ್ಯಕಾರ್ಯಗಳು' ಎಂಬ ಮಾತನ್ನು ಶಾಸನಗಳ ಪ್ರಸ್ತಾಪದಲ್ಲಿ ನಾವು ಎಷ್ಟೋ ಸಲ ಬರೆಯುತ್ತೇವೆ. ಹರ್ಸ್ಟ್ ಅವರ ಅಚ್ಚಿನಂತೆ ಓದಿದರೆ ಕೆರೆಯೆಂಬುದು ಒಂದು ಕಾರ್ಯವಾಗಬೇಕು. ಕೆರೆಯನ್ನು ಕಟ್ಟಿಸುವುದು ಕಾರ್ಯ ಎಂದು ಓದುಗನು ತಾನೇ ತುಂಬಿಕೊಳ್ಳುತ್ತಾನೆ. ಬರೆಯದೆ ಬಿಟ್ಟ ಆ 'ಕಟ್ಟಿಸುವುದು' ಎಂಬ ಪದ ಓದುಗನ ಲೋಕಾನುಭವದಿಂದ ಬಂದದ್ದು.

ಕನ್ನಡ ವಾಕ್ಯದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. 'ಈ ಬಾವಿ ಎಂದೂ ಬತ್ತಿಲ್ಲ' ಎಂಬುದು ಒಂದು ಮಾತು. 'ಈ ಬಾವಿ ಎಂದೂ ಬತ್ತಿಲ್ಲವಂತೆ' ಎಂಬುದು ಬೇರೆ ಮಾತು. ಎರಡನೆಯದನ್ನು ಹೇಳುವವನು ತಾನು ಕಂಡದ್ದಲ್ಲ, ಕೇಳಿದ್ದು ಎಂದು ಎರಡಕ್ಷರಗಳಲ್ಲಿ ಎಚ್ಚರ ಹೇಳುತ್ತಾನೆ. ಇಬ್ಬರು ಹಳ್ಳಿಗರ ನಡುವಿನ ಸಾಮಾನ್ಯ ಮಾತಿನಲ್ಲಿಯೂ ಪ್ರಮಾಣವಿವೇಕ ಹೀಗೆ ಕ್ರಿಯಾಪದದ ತುದಿಯಲ್ಲಿ ನೆಲೆಸಿದೆ. ಇಂತಹುದು ಇಂತಹ ವರ್ಗಕ್ಕೆ ಸೇರಿದ್ದು, ಇದಕ್ಕೂ ಅದಕ್ಕೂ ಇಂತಹ ಸಂಬಂಧ, ಎಂಬ ಒಣ ರೂಪಕ್ಕೆ ಓದಿದ್ದನ್ನೆಲ್ಲ ಇಳಿಸುವ ಯಂತ್ರದಲ್ಲಿ ಈ 'ಅಂತೆ'ಗೆ ಜಾಗವಿಲ್ಲ. ಕೇಳಿಕೆ, ಊಹೆ, ಹಾಸ್ಯ, ನಿಂದೆ, ಕಂಡ ಸಂಗತಿ ಎಲ್ಲವೂ ಅಲ್ಲಿ ಒಂದೇ ಬಣ್ಣದ ನಂಬಿಕೆಯಾಗುತ್ತವೆ. ಭರವಸೆಯ ಅಂಕವೇನೋ ಪ್ರತಿಯೊಂದಕ್ಕೂ ಇದೆ. ಆದರೆ ಅದು ಯಂತ್ರಕ್ಕೆ ತನ್ನ ಓದಿನ ಮೇಲಿರುವ ಭರವಸೆಯ ಅಳತೆ. ಬರೆದವನಿಗೆ ತನ್ನ ಮಾತಿನ ಮೇಲಿದ್ದ ಭರವಸೆಯದಲ್ಲ.

೬

ನಮ್ಮ ಮುಖ್ಯ ಆಕ್ಷೇಪ ಇನ್ನು ಮುಂದಿನದು. ನೆಲ್ ಯಂತ್ರವನ್ನು ಕಟ್ಟಿದವರು ನಾಲ್ವರು ಓದುಗರನ್ನು ಇಟ್ಟದ್ದಕ್ಕೆ ಒಂದು ಗಣಿತದ ಆಧಾರವಿದೆ. ಒಬ್ಬೊಬ್ಬನೂ ಹತ್ತಕ್ಕೆ ಒಂದು ಸಲ ತಪ್ಪುತ್ತಾನೆಂದು ಭಾವಿಸೋಣ. ಅವರ ತಪ್ಪುಗಳಿಗೆ ಪರಸ್ಪರ ಸಂಬಂಧವಿಲ್ಲದಿದ್ದರೆ, ನಾಲ್ವರೂ ಒಂದೇ ವಿಷಯದಲ್ಲಿ ಕೂಡಿ ತಪ್ಪುವುದು ಹತ್ತು ಸಾವಿರಕ್ಕೆ ಒಂದು ಸಲ ಮಾತ್ರ. ಆದುದರಿಂದ ಹಲವರ ಒಮ್ಮತವು ಸತ್ಯದ ಗುರುತು ಎಂಬುದು ಅವರ ನಿಲವು. ತಪ್ಪುಗಳು ಸ್ವತಂತ್ರವಾಗಿದ್ದರೆ ಇದು ನಿರ್ದುಷ್ಟವಾದ ವಾದ. ಆದರೆ ಓದುವವರು ಸ್ವತಂತ್ರರಾದರೆ ಸಾಕೆ? ಓದಲ್ಪಡುವ ಪುಟಗಳೂ ಸ್ವತಂತ್ರವಾಗಿರಬೇಕಲ್ಲವೆ? ಅಂತರಜಾಲದ ಒಂದು ಪುಟ ಇನ್ನೊಂದನ್ನು ನೋಡಿ ಬರೆದದ್ದು, ಅದು ಮತ್ತೊಂದನ್ನು ನೋಡಿದ್ದು. ಎಲ್ಲವೂ ಒಂದೇ ತಪ್ಪಿನ ಸಂತಾನವಾಗಿದ್ದರೆ, ನಾಲ್ವರಲ್ಲ ನಾನೂರು ಮಂದಿ ಓದಿದರೂ ಸಾಕ್ಷಿ ಒಂದೇ.

ಗ್ರಂಥಸಂಪಾದನೆಯನ್ನು ಅಭ್ಯಾಸ ಮಾಡಿದವರಿಗೆ ಈ ಮಾತು ಹೊಸದಲ್ಲ. ಡಿ. ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ' ೧೯೬೪ರಲ್ಲಿ ಪ್ರಕಟವಾದ ಮೇಲೆ ಈ ಶಾಸ್ತ್ರದ ತತ್ತ್ವಗಳು ನಮ್ಮ ತರಗತಿಗಳಿಗೂ ಬಂದಿವೆ. ಒಂದು ಕಾವ್ಯಕ್ಕೆ ಐದು ಓಲೆಯ ಪ್ರತಿಗಳು ದೊರೆತಿವೆ. ನಾಲ್ಕರಲ್ಲಿ ಒಂದು ಪಾಠ, ಒಂದರಲ್ಲಿ ಬೇರೆ ಪಾಠ ಎಂದಿಟ್ಟುಕೊಳ್ಳೋಣ. ಎಣಿಸುವವನು ನಾಲ್ಕರ ಪಕ್ಷವನ್ನು ಹಿಡಿಯುತ್ತಾನೆ. ಸಂಪಾದಕನು ಹಾಗೆ ಮಾಡುವುದಿಲ್ಲ. ಆ ನಾಲ್ಕು ಪ್ರತಿಗಳಲ್ಲಿ ಒಂದೇ ಬಗೆಯ ಲೋಪಗಳು, ಒಂದೇ ಬಗೆಯ ಕೈತಪ್ಪುಗಳು ಇವೆಯೆ ಎಂದು ನೋಡುತ್ತಾನೆ. ಇದ್ದರೆ ಅವು ಒಂದೇ ಮಾತೃಕೆಯಿಂದ ಇಳಿದವೆಂದು ತಿಳಿದು, ನಾಲ್ಕನ್ನೂ ಒಂದಾಗಿ ಗಣಿಸುತ್ತಾನೆ. ಉಳಿದ ಒಂದು ಪ್ರತಿಯ ಪಾಠ ಕಠಿನವಾದ ಹಳಗನ್ನಡ ಪದವಾಗಿದ್ದು, ನಾಲ್ಕರಲ್ಲಿರುವುದು ಎಲ್ಲರಿಗೂ ತಿಳಿಯುವ ಪದವಾಗಿದ್ದರೆ, ಕಠಿನವಾದುದನ್ನೇ ಹೆಚ್ಚಾಗಿ ಗೌರವಿಸುತ್ತಾನೆ. ಏಕೆಂದರೆ ಲಿಪಿಕಾರನು ತಿಳಿಯದ ಪದವನ್ನು ತಿಳಿದ ಪದವನ್ನಾಗಿ ತಿದ್ದುವುದು ಸಹಜ. ತಿಳಿದ ಪದವನ್ನು ತಿಳಿಯದ ಪದವನ್ನಾಗಿ ತಿದ್ದುವುದು ಅಪರೂಪ. ಸಾಕ್ಷಿಗಳನ್ನು ಎಣಿಸಬಾರದು, ತೂಗಬೇಕು ಎಂಬುದು ಈ ಶಾಸ್ತ್ರದ ಜೀವಾಳ.

ಶಾಸನಶಾಸ್ತ್ರದಲ್ಲಿಯೂ ಹೀಗೆಯೇ. ಗಂಗರ ತಾಮ್ರಶಾಸನಗಳಲ್ಲಿ ಹಲವು ಕೃತಕವೆಂದು ಫ್ಲೀಟರೂ, ಅವನ್ನು ಸಾರಾಸಗಟಾಗಿ ತಳ್ಳಿಹಾಕಲಾಗದೆಂದು ರೈಸರೂ ವಾದಿಸಿದ್ದು ನಮ್ಮ ಓದುಗರಿಗೆ ತಿಳಿದಿದೆ. ಆ ವಾದದಲ್ಲಿ ಎಷ್ಟು ತಾಮ್ರಪಟಗಳು ಒಂದೇ ವಂಶಾವಳಿಯನ್ನು ಹೇಳುತ್ತವೆ ಎಂಬ ಎಣಿಕೆಯೊಂದರಿಂದಲೇ ಏನೂ ನಿರ್ಧಾರವಾಗುವಂತಿರಲಿಲ್ಲ. ಲಿಪಿ ಯಾವ ಕಾಲದ್ದು, ಹೇಳಿದ ತಿಥಿ ಹೊಂದುತ್ತದೆಯೆ ಎಂಬ ತೂಕದ ಪ್ರಶ್ನೆಗಳೇ ಮುಂದೆ ಬಂದುವು. ಅಂತರಜಾಲವನ್ನು ಓದುವ ಯಂತ್ರವನ್ನೂ ಇದೇ ಪ್ರಶ್ನೆಗೆ ಗುರಿಮಾಡಬೇಕು. ನ್ಯಾಯಶಾಸ್ತ್ರವು ಶಬ್ದವನ್ನು ಪ್ರಮಾಣವೆಂದು ಒಪ್ಪುವುದು ಅದು ಆಪ್ತನ ಮಾತಾದಾಗ ಮಾತ್ರ: ವಿಷಯವನ್ನು ಬಲ್ಲವನು, ಬಲ್ಲುದನ್ನು ಬಲ್ಲಂತೆ ಹೇಳುವವನು ಆಪ್ತ. ಹತ್ತು ಸಾವಿರ ಪುಟಗಳ ಆವೃತ್ತಿ ಆಪ್ತತ್ವಕ್ಕೆ ಬದಲಾಗಲಾರದು.

೭

ನೆಲ್ ಯಂತ್ರದ ಮೇಲೆ ಇಷ್ಟು ದೋಷಗಳನ್ನು ಹೇಳಿದ ಮೇಲೆ ಅದರ ಒಂದು ದೊಡ್ಡ ಗುಣವನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ೨೦೧೮ರ ಹೊತ್ತಿಗೆ ಅದರ ನಂಬಿಕೆಗಳು ೧೨ ಕೋಟಿಗೆ ಏರಿದ್ದವೆಂದು ಅದರ ಕರ್ತೃಗಳು ಬರೆದಿದ್ದಾರೆ. ಚಹದೊಡನೆ ಬಿಸ್ಕತ್ತನ್ನು ಕೊಡುತ್ತಾರೆ ಎಂಬುದು ಅವುಗಳಲ್ಲೊಂದು. ಇಂಥ ಯಾವುದೇ ನಂಬಿಕೆಯನ್ನು ಎತ್ತಿಕೊಂಡು, ಇದನ್ನು ಯಾವ ಓದುಗ ತಂದ, ಯಾವ ಅಚ್ಚಿನಿಂದ ತಂದ, ಎಷ್ಟು ಭರವಸೆಯಿಂದ ತಂದ ಎಂದು ಕೇಳಬಹುದಾಗಿತ್ತು. ಕೇಳಿದರೆ ಉತ್ತರ ದೊರೆಯುತ್ತಿತ್ತು. ಆದುದರಿಂದಲೇ ಕುಕಿಯ ತಪ್ಪಿನ ಬುಡವನ್ನು ಮನುಷ್ಯನು ಹುಡುಕಿ ತಿದ್ದಲು ಸಾಧ್ಯವಾಯಿತು. ತಪ್ಪನ್ನು ಹೊತ್ತ ಗ್ರಂಥವಾದರೂ ಅಡಿಟಿಪ್ಪಣಿಗಳುಳ್ಳ ಗ್ರಂಥವದು.

ಆಮೇಲೆ ಬಂದ ಯಂತ್ರಗಳ ಮಾರ್ಗ ಬೇರೆ. ೨೦೧೭ರಲ್ಲಿ 'ಟ್ರಾನ್ಸ್‌ಫಾರ್ಮರ್' ಎಂಬ ಹೊಸ ರಚನೆ ಪ್ರಕಟವಾದ ಮೇಲೆ, ಅಪಾರವಾದ ಬರೆಹವನ್ನು ಉಣಿಸಿ, ವಾಕ್ಯದಲ್ಲಿ ಮುಂದೆ ಬರುವ ಪದ ಯಾವುದೆಂದು ಊಹಿಸುವುದನ್ನು ಯಂತ್ರಕ್ಕೆ ಕಲಿಸುವ ಪದ್ಧತಿ ಬೆಳೆಯಿತು. ೨೦೨೦ರಲ್ಲಿ ಹೊರಬಂದ 'ಜಿಪಿಟಿ-೩' ಎಂಬುದರಲ್ಲಿ ಹೀಗೆ ಕಲಿತು ಹೊಂದಿಸಿಕೊಂಡ ಅಂಕಿಗಳು ೧೭,೫೦೦ ಕೋಟಿ. ೨೦೨೨ರ ಕೊನೆಯಲ್ಲಿ 'ಚಾಟ್‌ಜಿಪಿಟಿ' ಬಂದ ಮೇಲೆ ಈ ಜಾತಿಯ ಯಂತ್ರಗಳು ವಿದ್ಯಾರ್ಥಿಗಳ ಕೈಗೂ ಬಂದುವು. ಇವುಗಳ ಭಾಷೆ ನೆಲ್ ಯಂತ್ರದ ಒಣ ಪಟ್ಟಿಗಳಿಗಿಂತ ಎಷ್ಟೋ ಮೇಲು. ಕೇಳಿಕೆಗೂ ಕಂಡದ್ದಕ್ಕೂ ಇರುವ ವ್ಯತ್ಯಾಸವನ್ನು ವಾಕ್ಯರೂಪದಲ್ಲಿ ಇವು ತೋರಿಸಬಲ್ಲವು; 'ಅಂತೆ' ಎಂದು ಬರೆಯಲೂ ಬಲ್ಲವು. ಆದರೆ ಇವು ಹೇಳುವ ಒಂದು ಸಂಗತಿ ಆ ಅಂಕಿಗಳ ರಾಶಿಯೊಳಕ್ಕೆ ಯಾವ ಬರೆಹದಿಂದ ಬಂತೆಂದು ಬೆರಳಿಟ್ಟು ತೋರಿಸುವುದು ಬಹಳ ಕಷ್ಟ. ಕೆಲವು ಯಂತ್ರಗಳು ಉತ್ತರಿಸುವ ಹೊತ್ತಿನಲ್ಲಿ ಜಾಲಪುಟಗಳನ್ನು ಹುಡುಕಿ ಆಧಾರವನ್ನು ಕೊಡುತ್ತವೆ, ನಿಜ. ಆಗಲೂ ಆ ಆಧಾರದಲ್ಲಿ ಆ ಮಾತು ಇದೆಯೆ, ಆ ಆಧಾರ ತಾನೇ ಎಲ್ಲಿಂದ ಬಂತು ಎಂಬುದನ್ನು ತೂಗುವ ಕೆಲಸ ಓದುಗನ ಪಾಲಿಗೇ ಉಳಿಯುತ್ತದೆ. ನಿರರ್ಗಳವಾದ ಶೈಲಿ ಸಾಕ್ಷಿಯ ಅಭಾವವನ್ನು ಮುಚ್ಚುತ್ತದೆ. ಬಡಬಡನೆ ಮಾತಾಡುವ ಸಾಕ್ಷಿಯ ಬಗ್ಗೆ ನ್ಯಾಯಾಧೀಶನಿಗೆ ಇರುವ ಎಚ್ಚರ ನಮಗೂ ಇರಬೇಕಾಗಿದೆ.

೨೦೨೪ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಒಂದು ಸಂಶೋಧನೆ ಇಲ್ಲಿ ಪ್ರಸ್ತಾಪಕ್ಕೆ ಅರ್ಹ. ಯಂತ್ರ ಬರೆದುದನ್ನೇ ಯಂತ್ರಕ್ಕೆ ಮತ್ತೆ ಮತ್ತೆ ಓದಿಸಿ ಕಲಿಸುತ್ತ ಹೋದರೆ, ತಲೆಮಾರಿನಿಂದ ತಲೆಮಾರಿಗೆ ಅಪರೂಪವಾದುದು ಮೊದಲು ಮರೆಯಾಗುತ್ತದೆ, ಕೊನೆಗೆ ಬರೆಹವೇ ಹಾಳಾಗುತ್ತದೆ ಎಂದು ಅದರಲ್ಲಿ ತೋರಿಸಿದ್ದಾರೆ. ಪ್ರತಿಯ ಪ್ರತಿಯ ಪ್ರತಿಯಲ್ಲಿ ಕಠಿನವಾದ ಹಳೆಯ ಪದ ಅಳಿದು ಸುಲಭವಾದ ಪದ ನಿಲ್ಲುವುದನ್ನು ಕಂಡಿರುವ ನಮಗೆ ಇದು ಪರಿಚಿತವಾದ ರೋಗ.

೮

ಈ ವಿಚಾರ ಕನ್ನಡಕ್ಕೆ ಬಂದಾಗ ಇನ್ನಷ್ಟು ಗಂಭೀರವಾಗುತ್ತದೆ. ನೆಲ್ ಓದಿದ್ದು ಇಂಗ್ಲಿಷನ್ನು. ಅದರ ಅಚ್ಚುಗಳು ನಮ್ಮ ವಾಕ್ಯಕ್ಕೆ ಹೊಂದುವಂಥವಲ್ಲ. ಇಂಗ್ಲಿಷಿನ ಸಾಮಾನ್ಯ ಅಚ್ಚಿನಲ್ಲಿ ಜಾತಿಯ ಹೆಸರು ಮುಂದೆ ಬಂದು ಉದಾಹರಣೆಗಳು ಹಿಂದೆ ಬಂದರೆ, ನಮ್ಮ 'ಮೊದಲಾದ' ಉದಾಹರಣೆಗಳನ್ನು ಮೊದಲು ಹೇಳಿ ಜಾತಿಯನ್ನು ಕೊನೆಗೆ ಹೇಳುತ್ತದೆ. ವಿಭಕ್ತಿ, ಸಂಧಿ, ಸಮಾಸಗಳಲ್ಲಿ ಪದದ ಆಕಾರ ಬದಲಾಗುತ್ತದೆ. ಇವೆಲ್ಲ ಗಣಕವಿಜ್ಞಾನಿಗಳು ಬಗೆಹರಿಸಬಲ್ಲ ತೊಡಕುಗಳು. ಬಗೆಹರಿಯದ ತೊಡಕು ಸಾಕ್ಷಿಗಳ ವಿರಳತೆ. ಇಂಗ್ಲಿಷಿನಲ್ಲಿ ಒಂದು ತಪ್ಪಿಗೆ ಎದುರಾಗಿ ಸಾವಿರ ಸರಿಯಾದ ಪುಟಗಳಿರಬಹುದು. ನಮ್ಮ ಒಂದು ಊರಿನ ಚರಿತ್ರೆಗೆ, ಒಬ್ಬ ಅಪ್ರಸಿದ್ಧ ಕವಿಯ ಕಾಲಕ್ಕೆ ಅಂತರಜಾಲದಲ್ಲಿ ಎರಡೋ ಮೂರೋ ಪುಟಗಳಿದ್ದಾವು. ಅವೂ ಒಂದನ್ನೊಂದು ನೋಡಿ ಬರೆದವಾಗಿದ್ದಾವು. ಅಲ್ಲಿ ಒಂದು ತಪ್ಪು ಹೊಕ್ಕರೆ ಅದನ್ನು ಎದುರಿಸುವವರಿಲ್ಲ. ಬರೆಹ ಕಡಿಮೆಯಿರುವ ಭಾಷೆಗಳ ಜಾಲಪುಟಗಳಲ್ಲಿ ಯಂತ್ರಾನುವಾದದ ಪಾಲು ವಿಶೇಷವಾಗಿ ದೊಡ್ಡದೆಂದು ೨೦೨೪ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ತೋರಿಸಿದೆ. ನಾಳೆಯ ಯಂತ್ರ ಅದನ್ನೇ ಓದಿ ಕನ್ನಡವನ್ನು ಕಲಿತರೆ, ಅದು ಕಲಿಯುವುದು ಲಿಪಿಕಾರನ ಕನ್ನಡವೇ ಹೊರತು ಕವಿ ಶಾಸ್ತ್ರಕಾರರ ಕನ್ನಡವಾಗಲಾರದು.

ಹಾಗಾದರೆ ಮಾಡತಕ್ಕುದೇನು? ಯಂತ್ರವನ್ನು ಮುಟ್ಟಕೂಡದೆಂದು ವಿದ್ಯಾರ್ಥಿಗಳಿಗೆ ವಿಧಿಸುವುದು ನಮ್ಮ ಸಲಹೆಯಲ್ಲ. ಅದು ನಡೆಯುವ ಮಾತೂ ಅಲ್ಲ. ಯಂತ್ರದ ಉತ್ತರವನ್ನು ದೊರೆತ ಪ್ರತಿಗಳಲ್ಲಿ ಒಂದು ಎಂದು ಮಾತ್ರ ಎಣಿಸುವುದನ್ನು ಅವರಿಗೆ ಕಲಿಸಬೇಕು. ಇದನ್ನು ಯಾರು ಹೇಳಿದರು, ಅವರು ಕಂಡು ಹೇಳಿದರೋ ಕೇಳಿ ಹೇಳಿದರೋ, ಇದರ ಮಾತೃಕೆ ಯಾವುದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯದೆ ಯಾವ ಸಂಗತಿಯನ್ನೂ ಪ್ರಬಂಧದಲ್ಲಿ ಸೇರಿಸಬಾರದೆಂಬ ಶಿಸ್ತನ್ನು ತರಗತಿಯಲ್ಲಿ ತರಬೇಕು. ಗ್ರಂಥಸಂಪಾದನೆಯನ್ನು ಹಳಗನ್ನಡದವರಿಗೆ ಮಾತ್ರ ಬೇಕಾದ ಐಚ್ಛಿಕ ವಿಷಯವೆಂದು ಬದಿಗಿರಿಸಿದ್ದೇವೆ. ಅದರ ಮೊದಲ ಪಾಠಗಳನ್ನಾದರೂ ಎಲ್ಲ ವಿದ್ಯಾರ್ಥಿಗಳಿಗೂ ಹೇಳಬೇಕಾದ ಕಾಲ ಈಗ ಬಂದಿದೆ.

ಎರಡನೆಯ ಕರ್ತವ್ಯ ನಮ್ಮದೇ. ಯಂತ್ರ ಏನನ್ನು ಓದಬೇಕೆಂಬುದರಲ್ಲಿ ನಮಗೂ ಪಾಲಿದೆ. ಹಳೆಯ ಗ್ರಂಥಗಳನ್ನೂ ಪತ್ರಿಕೆಗಳನ್ನೂ ಅಂತರಜಾಲಕ್ಕೆ ಏರಿಸುವ ಕೆಲಸ ಅಲ್ಲಲ್ಲಿ ನಡೆದಿದೆ. ಹಾಗೆ ಏರಿಸುವ ಪ್ರತಿಯೊಂದು ಪಠ್ಯದ ತಲೆಯಲ್ಲಿ ಅದು ಯಾವ ಮುದ್ರಣದಿಂದ ಅಥವಾ ಯಾವ ಓಲೆಯಿಂದ ತೆಗೆದದ್ದು, ಯಾರು ತಿದ್ದಿದರು, ಎಲ್ಲಿ ಸಂದೇಹವಿದೆ ಎಂಬ ನಾಲ್ಕು ಸಾಲುಗಳನ್ನು ತಪ್ಪದೆ ಬರೆಯುವುದು ನಮ್ಮ ವಿಭಾಗಗಳಿಗೆ ಅಸಾಧ್ಯವಾದ ಕೆಲಸವಲ್ಲ. ಓದುವವನು ಮನುಷ್ಯನಾಗಲಿ ಯಂತ್ರವಾಗಲಿ, ತೂಗಲು ಮನಸ್ಸಿದ್ದವನಿಗೆ ತೂಕದ ಕಲ್ಲಾದರೂ ದೊರೆಯಲಿ.